ಪ್ರಮಾಣಪತ್ರದಲ್ಲಿ ಕಾಣದ ಅಕ್ಕ, ತಮ್ಮ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕೋಡಿ–ರಾಯಬಾಗ ಭಾಗದಲ್ಲಿ ಸೇವೆಯಲ್ಲಿದ್ದಾಗ, ಅಂಗವಿಕಲರ ಮಾಸಾಶನದ ಅರ್ಜಿ ಹಿಡಿದು ತಾಯಿಯೊಬ್ಬರು ತಮ್ಮ ಇಬ್ಬರು ಮಕ್ಕಳೊಡನೆ ಕಚೇರಿಗೆ ಬಂದಿದ್ದರು. ಹುಡುಗನಿಗೆ ಹನ್ನೆರಡು ವರ್ಷವಿದ್ದೀತು, ಅಕ್ಕನಿಗೆ ಹದಿನಾಲ್ಕು. ಹುಡುಗ ಯಾರ ಮುಖವನ್ನೂ ನೋಡದೆ, ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಧಾಟಿಯಲ್ಲಿ ಒಪ್ಪಿಸುತ್ತಿದ್ದ. ಇಷ್ಟೆಲ್ಲ ನೆನಪಿರುವವನು ಬುದ್ಧಿಮಾಂದ್ಯ ಹೇಗಾದಾನು ಎಂದು ಕೇಳಿದೆ. ಉತ್ತರ ಕೊಟ್ಟವಳು ಅಕ್ಕ: ‘ಅವಂಗ ಎಲ್ಲಾ ನೆನಪ ಇರತೈತ್ರಿ ಸಾಹೇಬ್ರ. ಮುಂದ ಏನ ಮಾಡಬೇಕಂತ ಅಷ್ಟ ತಿಳಿಯಂಗಿಲ್ರಿ’.

ಅಂದು ಜಾರಿಯಲ್ಲಿದ್ದ 1995ರ ಕಾಯ್ದೆ ಗುರುತಿಸಿದ್ದ ಏಳು ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. ಆ ಪದವನ್ನು ನಾನೂ ಕೇಳಿರಲಿಲ್ಲ. ಕಡತದಲ್ಲಿದ್ದ ‘ಬುದ್ಧಿಮಾಂದ್ಯ’ ಎಂಬ ಷರಾವನ್ನೇ ಒಪ್ಪಿ ರುಜು ಹಾಕಿದೆ.

ಆ ಹುಡುಗಿ ಒಂದೇ ಮಾತಿನಲ್ಲಿ ಹೇಳಿದ್ದನ್ನು ಮನಃಶಾಸ್ತ್ರಜ್ಞರು ದಶಕಗಳಿಂದ ಬಿಡಿಸಿ ಹೇಳಲು ಯತ್ನಿಸುತ್ತಿದ್ದಾರೆಂದು ನನಗೆ ತಿಳಿದದ್ದು ನಿವೃತ್ತಿಯ ನಂತರದ ಓದಿನಿಂದ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ ಹನ್ನೊಂದು ಮಕ್ಕಳನ್ನು ಕುರಿತು ಬರೆದಾಗಲೇ ಅವರ ಕಂಠಪಾಠದ ಶಕ್ತಿಯನ್ನು ಗುರುತಿಸಿದ್ದ. ಆದರೆ ಕಂಠಪಾಠ ಬೇರೆ, ಕೆಲಸ ಮಾಡುತ್ತಲೇ ಮನಸ್ಸಿನಲ್ಲಿ ನಾಲ್ಕು ಸಂಗತಿಗಳನ್ನು ಹಿಡಿದಿಟ್ಟುಕೊಳ್ಳುವ ನೆನಪು ಬೇರೆ. ‘ಅಂಗಡಿಯಿಂದ ಬೆಲ್ಲ ತಾ, ಬರುವಾಗ ಕಾಕಾನನ್ನು ಕರೆ, ಅಂಗಡಿ ಮುಚ್ಚಿದ್ದರೆ ಆಚೆ ಓಣಿಗೆ ಹೋಗು’ ಎಂದರೆ ಬಹುತೇಕ ಮಕ್ಕಳು ಯೋಚಿಸದೆ ಮಾಡಿಬರುತ್ತಾರೆ. ಆಟಿಸಂ ಇರುವ ಅನೇಕರು ಮುಚ್ಚಿದ ಅಂಗಡಿಯ ಮುಂದೆಯೇ ನಿಂತುಬಿಡುತ್ತಾರೆ. ಯೋಜಿಸುವುದು, ಒಂದು ನಿಯಮದಿಂದ ಇನ್ನೊಂದಕ್ಕೆ ಹೊರಳುವುದು, ಕ್ರಮವನ್ನು ನೆನಪಿನಲ್ಲಿಟ್ಟು ನಡೆಯುವುದು ಅವರಿಗೆ ಕಷ್ಟ. ಇದನ್ನು ನಾವು ಮೊಂಡುತನವೆನ್ನುತ್ತೇವೆ.

ಅಕ್ಕನ ವಿಷಯವೂ ಸ್ವಾರಸ್ಯವಾದದ್ದೇ. ಹಿಂದಿನ ಅರ್ಜಿಯ ಸ್ವೀಕೃತಿ ಸಂಖ್ಯೆಯನ್ನು ಆಕೆ ಚೀಟಿ ನೋಡದೆ ಹೇಳಿದಳು. ಆದರೆ ಮುದ್ರೆ ಎಲ್ಲಿ, ಸಹಿ ಎಲ್ಲಿ, ಮೊದಲು ಯಾವುದು ಎಂಬಲ್ಲಿ ಗೊಂದಲಗೊಂಡು ಮೂರು ಬಾರಿ ಅದೇ ಮೇಜಿಗೆ ಮರಳಿದಳು. ಸರ್ಕಾರಿ ಕಚೇರಿಯಲ್ಲಿ ಯಾರಿಗೂ ಆಗುವಂಥದ್ದೇ. ಅದಕ್ಕೆ ಇಂಥದೇ ಕಾರಣವೆಂದು ನಾನು ಹೇಳಲಾರೆ. ಆದರೆ 1999ರಲ್ಲಿ ಕ್ಲೇರ್ ಹ್ಯೂಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ಓದುವಾಗ ಆಕೆ ನೆನಪಾದಳು. ಆಟಿಸಂ ಇರುವ ಮಕ್ಕಳ ಒಡಹುಟ್ಟಿದವರಲ್ಲಿ, ಬೇರೆ ಮಕ್ಕಳಿಗಿಂತ ಹೆಚ್ಚು ಮಂದಿಗೆ ಯೋಜನೆ ಹಾಗೂ ಹೊರಳುವಿಕೆಯ ಪರೀಕ್ಷೆಗಳಲ್ಲಿ ತೊಡಕು ಕಂಡಿತು. ಜೊತೆಗೇ, ತೋರಿಸಿದ ಸ್ಥಳಗಳ ಕ್ರಮವನ್ನು ನೆನಪಿಡುವುದರಲ್ಲಿ ಅಸಾಧಾರಣವಾಗಿ ಮುಂದಿದ್ದವರೂ ಅವರಲ್ಲಿ ಹೆಚ್ಚಿದ್ದರು. ನಂತರದ ಎಲ್ಲ ಅಧ್ಯಯನಗಳೂ ಇದನ್ನೇ ಹೇಳಿಲ್ಲ. ಬಹುಪಾಲು ಒಡಹುಟ್ಟಿದವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಹಾಗಿದ್ದರೂ, 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕಿರಿಯ ಒಡಹುಟ್ಟಿದವರ ಪೈಕಿ ಶೇ 20ರಷ್ಟು ಮಕ್ಕಳಲ್ಲಿ ಆಟಿಸಂ ಕಂಡುಬಂದಿತೆಂಬುದನ್ನು ಕಡೆಗಣಿಸಲಾಗದು.

ನಮ್ಮ ವ್ಯವಸ್ಥೆ ಏನನ್ನು ಅಳೆಯುತ್ತಿದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿದಂತೆ 21 ಬಗೆಗಳನ್ನು ಮಾನ್ಯ ಮಾಡಿತು. ಇದು ದೊಡ್ಡ ಹೆಜ್ಜೆ. ಅದೇ ವರ್ಷ ಕೇಂದ್ರ ಸರ್ಕಾರ ಅಧಿಸೂಚಿಸಿದ ಭಾರತೀಯ ಆಟಿಸಂ ಮಾಪನದಲ್ಲಿ 40 ಅಂಶಗಳಿವೆ. ಅಂಕಗಳನ್ನು ಕೂಡಿಸಿ ಶೇಕಡಾವಾರು ವೈಕಲ್ಯ ನಿರ್ಧರಿಸಬೇಕು. ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಲಭ್ಯ. ಈ ಅಂಶಗಳಲ್ಲಿ ‘ಅಸಾಮಾನ್ಯ ಸ್ಮರಣೆ’ಯೂ ಒಂದು. ಅಂದರೆ ಬಸ್ಸಿನ ವೇಳಾಪಟ್ಟಿ ಬಾಯಿಪಾಠ ಬರುವ ಹುಡುಗನಿಗೆ ಆ ಶಕ್ತಿಯೇ ವೈಕಲ್ಯದ ಲೆಕ್ಕಕ್ಕೆ ಸೇರುತ್ತದೆ. ರೋಗನಿರ್ಣಯಕ್ಕೆ ಇದು ಸರಿಯಿರಬಹುದು. ಆದರೆ ಶಾಲೆಗೆ ಬೇಕಾದದ್ದು ಬೇರೆ: ಈ ಮಗು ಕಣ್ಣಿನಿಂದ ಕಲಿಯುತ್ತದೆಯೋ ಕಿವಿಯಿಂದಲೋ, ಒಮ್ಮೆಗೆ ಎಷ್ಟು ಸೂಚನೆಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು, ಎಲ್ಲಿ ಸಿಲುಕುತ್ತದೆ. ಶೇಕಡಾ ಅಂಕಿಯಿಂದ ಶಿಕ್ಷಕರಿಗೆ ಇದೊಂದೂ ತಿಳಿಯದು.

ಗಡಿಭಾಗದಲ್ಲಿ ಇನ್ನೊಂದು ತೊಡಕುಂಟು. ನಿಪ್ಪಾಣಿ, ಕಾಗವಾಡಗಳಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಅಥವಾ ಇದಕ್ಕೆ ವಿರುದ್ಧವಾಗಿರುವ ಕುಟುಂಬಗಳು ಹೇರಳ. ಸ್ಮರಣೆಯ ಪರೀಕ್ಷೆಗಳಲ್ಲಿ ಹಲವು, ಹೇಳಿದ ಪದಗಳನ್ನೋ ಅಂಕಿಗಳನ್ನೋ ಮರುನುಡಿಯುವಂಥವು. ಮನೆಮಾತಲ್ಲದ ಭಾಷೆಯಲ್ಲಿ ಪರೀಕ್ಷಿಸಿದರೆ ಅಳೆದದ್ದು ನೆನಪೋ ಭಾಷೆಯೋ ಹೇಳುವುದು ಕಷ್ಟ. ಮರದ ತುಂಡುಗಳನ್ನು ಒಂದು ಕ್ರಮದಲ್ಲಿ ಮುಟ್ಟಿ ತೋರಿಸಿ, ಹಾಗೆಯೇ ಮುಟ್ಟಿಸುವ ಪರೀಕ್ಷೆಗೆ ಈ ದೋಷ ಬಹುಮಟ್ಟಿಗಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡುವುದು ಖರ್ಚಿನ ಲೆಕ್ಕ. ಅಥಣಿಯಿಂದ ಬೆಳಗಾವಿಯ ಆಸ್ಪತ್ರೆಗೆ ಹೋಗಿಬರಲು ಬಸ್ ದರ, ತಾಯಿಯ ಒಂದು ದಿನದ ಕೂಲಿ ಇವನ್ನೆಲ್ಲ ನಾವು ಲೆಕ್ಕಕ್ಕೆ ಹಿಡಿಯುತ್ತೇವೆ. ತಮ್ಮನನ್ನು ಹಿಡಿದುಕೊಳ್ಳಲು ಜೊತೆಗೆ ಹೋದ ಅಕ್ಕನ ಶಾಲೆಯ ದಿನವನ್ನು ಯಾರೂ ಹಿಡಿಯುವುದಿಲ್ಲ. ಕಬ್ಬಿನ ಕಟಾವಿನ ಕಾಲದಲ್ಲಿ, ಬೀಡಿ ಕಟ್ಟುವ ಮನೆಗಳಲ್ಲಿ, ತಾಯಿಯ ಕೈ ಬಿಡುವಿಲ್ಲದಾಗ ಕಾಯುವವಳು ಅವಳೇ. 2019ರಲ್ಲಿ ಕೃಷ್ಣೆ ಉಕ್ಕಿ ಈ ತಾಲ್ಲೂಕುಗಳ ನದಿದಂಡೆಯ ಜನ ಪರಿಹಾರ ಕೇಂದ್ರಗಳನ್ನು ಸೇರಿದರು. ನಿತ್ಯದ ಕ್ರಮ ಒಂದಿಷ್ಟು ತಪ್ಪಿದರೂ ತಳಮಳಿಸುವ ಮಗುವನ್ನು ಆ ಗದ್ದಲದಲ್ಲಿ ಸಂತೈಸುವ ಹೊಣೆ ಒಡಹುಟ್ಟಿದವರ ಮೇಲೆ ಎಷ್ಟು ಬಿದ್ದಿರಬಹುದೆಂದು ಯೋಚಿಸಿ. ಇಷ್ಟರ ನಡುವೆ ಆಕೆ ಗಣಿತದಲ್ಲಿ ಹಿಂದೆ ಬಿದ್ದರೆ, ಹೊರೆ ಕಾರಣವೋ, ಅವಳು ಯೋಚಿಸುವ ರೀತಿಯೇ ಬೇರೆಯೋ ಎಂದು ಕೇಳುವವರಿಲ್ಲ. ತಂದೆತಾಯಿಯ ಕಾಲಾನಂತರ ತಮ್ಮನ ಪೋಷಣೆಯ ಪ್ರಶ್ನೆ ಬಂದಾಗ ಮಾತ್ರ ಎಲ್ಲರಿಗೂ ಅವಳ ನೆನಪಾಗುತ್ತದೆ.

ಒಡಹುಟ್ಟಿದವರನ್ನೂ ಪರೀಕ್ಷಿಸಬೇಕೆಂದೊಡನೆ ಆಕ್ಷೇಪ ಬರುತ್ತದೆ: ‘ಹುಡುಗಿಗೆ ನಾಳೆ ವರ ಸಿಕ್ಕೀತೆ?’ ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಸಮಾಜ ಹೇಗಿದೆಯೆಂಬುದನ್ನು ತಿಳಿದೇ ತಾಯಂದಿರು ಹಾಗೆನ್ನುತ್ತಾರೆ. ಆದ್ದರಿಂದ ಒಡಹುಟ್ಟಿದವರಿಗೆ ರೋಗದ ಹೆಸರೂ ಬೇಡ, ಪ್ರಮಾಣಪತ್ರವೂ ಬೇಡ. ತರಗತಿಯ ಶಿಕ್ಷಕರ ಬಳಿ ಉಳಿಯುವ ಒಂದು ಹಾಳೆ ಸಾಕು.

ಬೆಳಗಾವಿ ಜಿಲ್ಲೆಯ ಈ ಐದು ತಾಲ್ಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆಯಿದೆ. ಆಟಿಸಂ ಪ್ರಮಾಣಪತ್ರವಿರುವ ಮಗುವಿನ ಮನೆಗೆ ಅವರು ಹೋದಾಗ, ಅದೇ ಶಾಲೆಯಲ್ಲಿ ಓದುವ ಅಕ್ಕ-ತಂಗಿ, ಅಣ್ಣ-ತಮ್ಮಂದಿರೊಡನೆಯೂ ಅರ್ಧ ಗಂಟೆ ಕೂರಲಿ; ಮನೆಮಾತಿನಲ್ಲಿ ಮಾತನಾಡಿಸಲಿ. ಸೂಚನೆಗಳನ್ನು ಒಂದೊಂದಾಗಿ ಕೊಡಬೇಕೆ, ಬರೆದು ತೋರಿಸಬೇಕೆ, ಹಾಜರಾತಿ ಏಕೆ ಕಡಿಮೆ ಎಂಬುದನ್ನು ಆ ಹಾಳೆಯಲ್ಲಿ ಬರೆದಿಡಲಿ. ಮುಂದಿನ ಶೈಕ್ಷಣಿಕ ವರ್ಷದ ಆರಂಭದಲ್ಲಿ ಈ ಐದು ತಾಲ್ಲೂಕುಗಳಲ್ಲಿ ಇದನ್ನು ಪ್ರಯೋಗಿಸಿ ನೋಡಬಹುದು. ಇದಕ್ಕೆ ಹೊಸ ಹುದ್ದೆಗಳು ಬೇಕಿಲ್ಲ. ಎರಡು ದಿನಗಳ ತರಬೇತಿ, ಉಪನಿರ್ದೇಶಕರ ಒಂದು ಸುತ್ತೋಲೆ ಸಾಕಾದೀತು.