ರೊಟ್ಟಿಯ ಊಟವೂ ಕರುಳಿನ ಕ್ಷೇಮವೂ

ಕಾಯಕಕ್ಕೆ ಕಾಯವೇ ಮೊದಲ ಸಾಧನ. ಅದನ್ನು ಕಾಪಾಡಿಕೊಳ್ಳುವುದೂ ಒಂದು ಕಾಯಕವೇ ಎಂಬ ನಂಬಿಕೆಯಿಂದ ಈ ಅಂಕಣದಲ್ಲಿ ಆರೋಗ್ಯದ ವಿಚಾರಗಳನ್ನು ಓದುಗ ಬಂಧುಗಳ ಮುಂದಿಡುತ್ತ ಬಂದಿದ್ದೇವೆ. ಈ ಸಲದ ವಿಷಯ ನಾಲ್ಕು ಜನರ ನಡುವೆ ಯಾರೂ ಬಾಯಿಬಿಟ್ಟು ಆಡದಂಥದು. ಮಲಬದ್ಧತೆ, ರಕ್ತಸ್ರಾವ, ಗುದದ್ವಾರದ ನೋವು ಎಂದೊಡನೆ ನಾವು ದನಿ ತಗ್ಗಿಸುತ್ತೇವೆ, ಇಲ್ಲವೆ ಮಾತು ಬದಲಿಸುತ್ತೇವೆ. ಈ ಸಂಕೋಚದ ಮರೆಯಲ್ಲಿಯೇ ಬೆಳೆಯುವ ರೋಗವೊಂದಿದೆ. ಅದು ದೊಡ್ಡ ಕರುಳಿನ ಮತ್ತು ಗುದನಾಳದ ಕ್ಯಾನ್ಸರ್.

ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ 19 ಲಕ್ಷಕ್ಕೂ ಹೆಚ್ಚು ಜನರಿಗೆ ಈ ರೋಗ ಹೊಸದಾಗಿ ತಗುಲಿತು. 9 ಲಕ್ಷಕ್ಕೂ ಹೆಚ್ಚು ಜನ ಇದರಿಂದ ಮೃತಪಟ್ಟರು. ಎಲ್ಲ ಬಗೆಯ ಕ್ಯಾನ್ಸರ್‌ಗಳಲ್ಲಿ ಸಂಖ್ಯೆಯ ದೃಷ್ಟಿಯಿಂದ ಇದು ಮೂರನೆಯದು, ಸಾವಿನ ದೃಷ್ಟಿಯಿಂದ ಎರಡನೆಯದು. ಯುರೋಪು ಅಮೆರಿಕಗಳಿಗೆ ಹೋಲಿಸಿದರೆ ನಮ್ಮ ದೇಶದಲ್ಲಿ ಇದರ ಪ್ರಮಾಣ ಕಡಿಮೆ ಎಂಬುದು ನಿಜ. ಆದರೆ ಆ ಸಮಾಧಾನದ ಹಿಂದೆ ನಮ್ಮ ಹಿರಿಯರ ಊಟದ ಪಾಲೂ ಇದ್ದಿರಬೇಕು ಎಂಬುದನ್ನು ಮರೆಯುವಂತಿಲ್ಲ. ಆ ಊಟವನ್ನೇ ಕೈಬಿಡುತ್ತಿರುವ ನಾವು ಅದರ ಫಲ ಮಾತ್ರ ನಮ್ಮಲ್ಲಿ ಉಳಿಯಲಿ ಎಂದರೆ ಆದೀತೆ?

ಆಫ್ರಿಕದ ಹಳ್ಳಿಗಳು ಕಲಿಸಿದ ಪಾಠ

ನಾರಿಗೂ ಕರುಳಿಗೂ ಇರುವ ನಂಟನ್ನು ಜಗತ್ತಿನ ಗಮನಕ್ಕೆ ತಂದವರಲ್ಲಿ ಪ್ರಮುಖರು ಐರ್ಲೆಂಡಿನ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ (1911-1993). ಉಗಾಂಡದ ಆಸ್ಪತ್ರೆಗಳಲ್ಲಿ ಸುಮಾರು ಎರಡು ದಶಕ ದುಡಿದ ಅವರಿಗೆ ಒಂದು ಸಂಗತಿ ಎದ್ದು ಕಂಡಿತು. ಇಂಗ್ಲೆಂಡಿನಲ್ಲಿ ದಿನನಿತ್ಯ ಕಾಣುತ್ತಿದ್ದ ಮಲಬದ್ಧತೆ, ಕರುಳುಬಾಲದ ಊತ, ದೊಡ್ಡ ಕರುಳಿನ ಕ್ಯಾನ್ಸರ್ ಮುಂತಾದವು ಆ ಹಳ್ಳಿಗರಲ್ಲಿ ತೀರ ವಿರಳವಾಗಿದ್ದವು. ಹಳ್ಳಿಗರ ಊಟದಲ್ಲಿ ನಾರು ಹೇರಳವಾಗಿತ್ತು. ಉಂಡ ಅನ್ನದ ಶೇಷ ಅವರ ಕರುಳಿನಿಂದ ಬೇಗನೆ, ಹೆಚ್ಚು ಪ್ರಮಾಣದಲ್ಲಿ ಹೊರಬೀಳುತ್ತಿತ್ತು. ಅದೇ ಆಫ್ರಿಕದಲ್ಲಿ ದೀರ್ಘಕಾಲ ದುಡಿದಿದ್ದ ಹ್ಯೂ ಟ್ರೋವೆಲ್ ಎಂಬ ವೈದ್ಯರ ವಿಚಾರವೂ ಇದೇ ಆಗಿತ್ತು. 1971ರಲ್ಲಿ ಬರ್ಕಿಟ್ ಈ ವಾದವನ್ನು ವೈದ್ಯಲೋಕದ ಮುಂದಿಟ್ಟರು. ಜೀರ್ಣವಾಗದ ಕಸವೆಂದು ಅಲ್ಲಿಯವರೆಗೆ ಬಹುಮಂದಿ ಕಡೆಗಣಿಸಿದ್ದ ನಾರಿಗೆ ಆಗ ಮರ್ಯಾದೆ ಬಂದಿತು.

ನಾರು ಮಾಡುವ ಕೆಲಸವಾದರೂ ಏನು? ಧಾನ್ಯದ ತೌಡು, ಕಾಳಿನ ಸಿಪ್ಪೆ, ಸೊಪ್ಪಿನ ದಂಟು, ಹಣ್ಣಿನ ತಿರುಳು ಇವುಗಳಲ್ಲಿರುವ ಈ ಅಂಶವನ್ನು ನಮ್ಮ ಜೀರ್ಣರಸಗಳು ಕರಗಿಸಲಾರವು. ಆದುದರಿಂದ ಅದು ಹಾಗೆಯೇ ಸುಮಾರು ಒಂದೂವರೆ ಮೀಟರು ಉದ್ದದ ದೊಡ್ಡ ಕರುಳನ್ನು ತಲುಪುತ್ತದೆ. ಅದರಲ್ಲಿ ಒಂದು ಪಾಲು ನೀರನ್ನು ಹಿಡಿದಿಟ್ಟು ಮಲವನ್ನು ಮೃದುಗೊಳಿಸಿ, ಅದರ ಗಾತ್ರವನ್ನು ಹೆಚ್ಚಿಸಿ, ಬೇಗನೆ ಮುಂದೆ ಸಾಗಿಸುತ್ತದೆ. ಹಾನಿಕರ ವಸ್ತುಗಳು ಕರುಳಿನ ಗೋಡೆಗೆ ತಾಗಿಕೊಂಡಿರುವ ಅವಧಿ ಇದರಿಂದ ಕಡಿಮೆಯಾಗುತ್ತದೆ. ಇನ್ನೊಂದು ಪಾಲು ಕರುಳಿನಲ್ಲಿ ನೆಲೆಸಿರುವ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಅವು ಅದನ್ನು ಹುಳಿಸಿ ಬ್ಯುಟಿರೇಟ್ ಮೊದಲಾದ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪೊರೆಯ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಅದು ಉರಿಯೂತವನ್ನು ತಗ್ಗಿಸಿ ಆ ಪೊರೆಯನ್ನು ಸುಸ್ಥಿತಿಯಲ್ಲಿಡುತ್ತದೆ. ನಾವು ನಾರು ಉಣ್ಣದಿದ್ದರೆ ಆ ಜೀವಿಗಳು ಉಪವಾಸ ಬೀಳುತ್ತವೆ. ಒಂದರ್ಥದಲ್ಲಿ ನಮ್ಮೊಳಗೂ ಒಂದು ದಾಸೋಹ ನಡೆದಿದೆ. ಅಲ್ಲಿ ನಾವು ಬಡಿಸುವುದು ನಮಗೇ ಮರಳಿ ಬರುತ್ತದೆ.

2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಸೊಗಸಾಗಿ ತೋರಿಸಿಕೊಟ್ಟಿತು. ಅಮೆರಿಕದ ಪಿಟ್ಸ್‌ಬರ್ಗಿನ ಇಪ್ಪತ್ತು ಮಂದಿ ಆಫ್ರಿಕನ್ ಮೂಲದವರು ಮತ್ತು ದಕ್ಷಿಣ ಆಫ್ರಿಕದ ಹಳ್ಳಿಯ ಇಪ್ಪತ್ತು ಮಂದಿ ಎರಡು ವಾರಗಳ ಕಾಲ ಪರಸ್ಪರರ ಊಟವನ್ನು ಅದಲುಬದಲು ಮಾಡಿಕೊಂಡರು. ಅಮೆರಿಕದವರ ದಿನದ ನಾರು 14 ಗ್ರಾಂಗಳಿಂದ 55 ಗ್ರಾಂಗೆ ಏರಿತು; ಕೊಬ್ಬು ಮತ್ತು ಮಾಂಸ ಇಳಿಯಿತು. ಹಳ್ಳಿಗರದು ಇದಕ್ಕೆ ತದ್ವಿರುದ್ಧ. 66 ಗ್ರಾಂ ನಾರು 12ಕ್ಕೆ ಕುಸಿಯಿತು. ಎರಡೇ ವಾರಗಳಲ್ಲಿ ಅಮೆರಿಕದವರ ಕರುಳಿನ ಒಳಪೊರೆಯ ಉರಿಯೂತ ತಗ್ಗಿ ಬ್ಯುಟಿರೇಟ್ ಹೆಚ್ಚಿತು. ಹಳ್ಳಿಗರಲ್ಲಿ ಬ್ಯುಟಿರೇಟ್ ಕುಗ್ಗಿ, ಮುಂದೆ ಅಪಾಯ ಸೂಚಿಸಬಲ್ಲ ಬದಲಾವಣೆಗಳು ಕಂಡವು. ಕೆಡುವುದಕ್ಕೂ ಸುಧಾರಿಸುವುದಕ್ಕೂ ಕರುಳಿಗೆ ಬಹಳ ಕಾಲ ಬೇಕಿಲ್ಲವೆಂದಾಯಿತು.

ಹಾಗೆಂದು ನಾರು ಸರ್ವರೋಗ ನಿವಾರಕವೆಂದು ನಾವು ಸಾರಲಾರೆವು. ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಕರುಳಿನ ಗಂಟುಗಳನ್ನು ಅದಾಗಲೇ ತೆಗೆಸಿಕೊಂಡಿದ್ದ ಅವರಲ್ಲಿ, ನಾಲ್ಕು ವರ್ಷ ನಾರಿನ ಊಟ ಮಾಡಿದವರಿಗೂ ಮಾಡದವರಿಗೂ ಗಂಟುಗಳು ಮರುಕಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅನೇಕ ದೇಶಗಳ ಜನರನ್ನು ದೀರ್ಘಕಾಲ ಗಮನಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಲೆಕ್ಕ ಹಾಕಿದಾಗ, ದಿನಕ್ಕೆ 10 ಗ್ರಾಂ ನಾರು ಹೆಚ್ಚಾದಂತೆ ಈ ಕ್ಯಾನ್ಸರ್‌ನ ಸಾಧ್ಯತೆ ನೂರಕ್ಕೆ ಹತ್ತರಷ್ಟು ಕಡಿಮೆಯಿರುವುದು ತಿಳಿದುಬಂತು. ಇವೆರಡನ್ನೂ ಕೂಡಿಸಿ ನೋಡಿದರೆ ನಮಗೆ ತೋರುವುದಿಷ್ಟು: ಊಟವೆಂಬುದು ಔಷಧದ ಗುಳಿಗೆಯಲ್ಲ, ಅದು ಬಾಲ್ಯದಿಂದಲೇ ರೂಢಿಯಾಗಬೇಕಾದ ನಡೆ.

ಸಸ್ಯಾಹಾರಿಗಳೆಂಬ ನೆಮ್ಮದಿ ಸಾಲದು

2015ರಲ್ಲಿ ಮೇಲೆ ಹೇಳಿದ ಅಂತಾರಾಷ್ಟ್ರೀಯ ಸಂಸ್ಥೆಯು ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ನಮ್ಮ ಸಮಾಜದ ಬಹುಪಾಲು ಕುಟುಂಬಗಳಿಗೆ ಆ ಚಿಂತೆಯಿಲ್ಲ. ಆದರೆ ಮಾಂಸ ತಿನ್ನದಿರುವುದು ಬೇರೆ, ನಾರು ಉಣ್ಣುವುದು ಬೇರೆ. ಬೆಳಿಗ್ಗೆ ಬಿಳಿಯ ಇಡ್ಲಿ, ಮಧ್ಯಾಹ್ನ ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಸಂಜೆ ಚಹಾದೊಡನೆ ಮೈದಾದ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ಇದೂ ಸಸ್ಯಾಹಾರವೇ, ಆದರೆ ಕರುಳಿನ ಪಾಲಿಗೆ ಬರಿದಾದ ಊಟ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಮತ್ತು ಮೈದಾದಲ್ಲಿ ನಾರು 3 ಗ್ರಾಂಗಿಂತ ಕಡಿಮೆ. ಅಷ್ಟೇ ಜೋಳದಲ್ಲಿ 10, ರಾಗಿಯಲ್ಲಿ 11, ಸಜ್ಜೆಯಲ್ಲಿ 11, ಇಡೀ ಹೆಸರುಕಾಳಿನಲ್ಲಿ 17, ಇಡೀ ಕಡಲೆಯಲ್ಲಿ 25 ಗ್ರಾಂ ಇದೆ. ಪೇರಲ ಹಣ್ಣಿನಲ್ಲಿ 8 ಗ್ರಾಂಗೂ ಮಿಕ್ಕಿದೆ. ಇದೇ ಸಂಸ್ಥೆಯ 2020ರ ಶಿಫಾರಸಿನಂತೆ, ಎರಡು ಸಾವಿರ ಕ್ಯಾಲೊರಿ ಉಣ್ಣುವ ವ್ಯಕ್ತಿಗೆ ದಿನಕ್ಕೆ 30 ಗ್ರಾಂ ನಾರು ಬೇಕು. ನೂರು ಗ್ರಾಂ ಹಿಟ್ಟಿನ ಜೋಳದ ರೊಟ್ಟಿ, ಮೂವತ್ತು ಗ್ರಾಂ ಹೆಸರುಕಾಳಿನ ಪಲ್ಯ, ಸೊಪ್ಪು ತರಕಾರಿ ಒಂದು ಬಟ್ಟಲು, ಒಂದು ಪೇರಲ ಹಣ್ಣು. ಇಷ್ಟಾದರೆ ಆ ಲೆಕ್ಕ ಬಹುಮಟ್ಟಿಗೆ ತುಂಬುತ್ತದೆ. ಇವುಗಳಲ್ಲಿ ಹೊರನಾಡಿನಿಂದ ತರಿಸಬೇಕಾದದ್ದು ಯಾವುದಿದೆ?

ಉತ್ತರ ಕರ್ನಾಟಕದ ನಮ್ಮ ತಾಯಂದಿರು ರೊಟ್ಟಿಯ ಮಗ್ಗುಲಲ್ಲಿ ಇಡುತ್ತಿದ್ದ ಮಡಕೆಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ, ಗುರೆಳ್ಳು ಮತ್ತು ಅಗಸೆಯ ಹಿಂಡಿ ಇವೆಲ್ಲವೂ ನಾರಿನ ಭಂಡಾರಗಳೇ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಇಂದಿಗೂ ಲಕ್ಷಗಟ್ಟಲೆ ರೊಟ್ಟಿಗಳು ಹರಿದುಬರುತ್ತವೆ. ಸಿದ್ಧಗಂಗೆಯ ದಾಸೋಹದಲ್ಲಿ ಸಾವಿರಾರು ಮಕ್ಕಳು ರಾಗಿಮುದ್ದೆ ಉಂಡು ಬೆಳೆದಿದ್ದಾರೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು. ಮಠಗಳು ಉಳಿಸಿಕೊಂಡದ್ದನ್ನು, ಜಗತ್ತು ಮರಳಿ ಹುಡುಕುತ್ತಿರುವುದನ್ನು ನಮ್ಮ ಮನೆಗಳು ಬಿಡುತ್ತಿರುವುದು ವಿಷಾದದ ಸಂಗತಿ. ರೊಟ್ಟಿ ಬಡಿಯುವುದು ಶ್ರಮದ ಕೆಲಸ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಶ್ರಮ ಸೊಸೆಯೊಬ್ಬಳದೇ ಏಕಾಗಬೇಕು? ಕಾಯಕದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಸಾರಿದ ಪರಂಪರೆ ನಮ್ಮದು; ಒಲೆಯ ಮುಂದೆಯೂ ಅದು ನಿಜವಾಗಲಿ.

ನಾರನ್ನು ಹೆಚ್ಚಿಸುವಾಗ ಅವಸರ ಸಲ್ಲದು. ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರ, ವಾಯು ತಪ್ಪಿದ್ದಲ್ಲ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ ನೀರನ್ನೂ ಹೆಚ್ಚಾಗಿ ಕುಡಿಯಬೇಕು. ಹಲ್ಲಿಲ್ಲದ ಹಿರಿಯರಿಗೆ ಜೋಳದ ನುಚ್ಚು, ರಾಗಿ ಅಂಬಲಿ ಹಿತ. ಕರುಳಿನ ಶಸ್ತ್ರಕ್ರಿಯೆ ಆದವರು, ಕರುಳು ಕಿರಿದಾದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಊಟದ ಜೊತೆಗೆ ದಿನನಿತ್ಯದ ನಡಿಗೆಯೂ ಇರಲಿ. ಬೊಜ್ಜು, ಮದ್ಯ, ತಂಬಾಕು ಇವು ಮೂರೂ ಈ ಕ್ಯಾನ್ಸರ್‌ಗೆ ದಾರಿ ಮಾಡಿಕೊಡುತ್ತವೆ ಎಂಬುದು ನಿಶ್ಚಿತ. ರೊಟ್ಟಿ ಉಂಡು ಮದ್ಯ ಕುಡಿದರೆ ಪ್ರಯೋಜನವೇನು?

ಸಂಕೋಚ ಬೇಡ, ವಿಳಂಬ ಬೇಡ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಮಲದಲ್ಲಿ ರಕ್ತ ಕಂಡರೆ ನಮ್ಮ ಮನೆಗಳಲ್ಲಿ ಬರುವ ಮೊದಲ ತೀರ್ಮಾನ ಮೂಲವ್ಯಾಧಿ ಎಂಬುದು. ಬಹಳಷ್ಟು ಸಲ ಅದು ನಿಜವೂ ಹೌದು. ಆದರೆ ಆ ತೀರ್ಮಾನ ಮಾಡಬೇಕಾದವರು ವೈದ್ಯರು, ನಾವಲ್ಲ. ನೆರೆಯವರೂ ಅಲ್ಲ, ಔಷಧ ಅಂಗಡಿಯವರೂ ಅಲ್ಲ. ಗುದನಾಳದ ಅನೇಕ ಗಡ್ಡೆಗಳು ವೈದ್ಯರ ಬೆರಳಿಗೇ ಸಿಗುವಷ್ಟು ಸಮೀಪದಲ್ಲಿರುತ್ತವೆ. ಒಂದೆರಡು ನಿಮಿಷದ ಆ ತಪಾಸಣೆಗೆ ನಾಚಿ ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತ ಕುಳಿತರೆ ಕಳೆದುಕೊಳ್ಳುವುದು ಪ್ರಾಣವನ್ನು. ಸೊಸೆ ಅತ್ತೆಗೆ ಹೇಳಲಾರಳು, ಅಜ್ಜ ಮಕ್ಕಳಿಗೆ ಹೇಳಲಾರ. ಈ ಮೌನವನ್ನು ಮನೆಯವರೇ ಮುರಿಯಬೇಕು.

ಮಲವಿಸರ್ಜನೆಯ ರೂಢಿ ಕೆಲವು ವಾರಗಳಿಂದ ಬದಲಾಗಿರುವುದು, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ, ಪೂರ್ತಿ ವಿಸರ್ಜನೆಯಾಗಲಿಲ್ಲವೆಂಬ ಭಾವನೆ, ಕಾರಣವಿಲ್ಲದೆ ತೂಕ ಇಳಿಯುವುದು, ಹೊಟ್ಟೆನೋವು, ರಕ್ತಹೀನತೆ ಇವು ಎಚ್ಚರಿಕೆಯ ಗಂಟೆಗಳು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಅಂಶದ ಕೊರತೆಯಿಂದ ರಕ್ತಹೀನತೆ ಕಂಡರೆ ಕಬ್ಬಿಣದ ಗುಳಿಗೆ ನುಂಗಿ ಸುಮ್ಮನಾಗದೆ ಕರುಳನ್ನೂ ಪರೀಕ್ಷಿಸಬೇಕು.

ಈ ಕ್ಯಾನ್ಸರ್ ಸಾಮಾನ್ಯವಾಗಿ ಕರುಳಿನ ಸಣ್ಣ ಗಂಟಿನಿಂದ ಆರಂಭವಾಗಿ ಹತ್ತಾರು ವರ್ಷಗಳಲ್ಲಿ ಬಲಿಯುತ್ತದೆ. ಆ ಗಂಟನ್ನು ಕೊಲೊನೋಸ್ಕೋಪಿಯ ಮೂಲಕ ಮೊದಲೇ ತೆಗೆದುಹಾಕಿದರೆ ರೋಗವೇ ಬಾರದಂತೆ ತಡೆಯಬಹುದು. ಅಮೆರಿಕದ ದಾಖಲೆಗಳಂತೆ, ರೋಗ ಕರುಳಿಗಷ್ಟೇ ಸೀಮಿತವಾಗಿರುವಾಗ ಪತ್ತೆಯಾದವರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಐದು ವರ್ಷಕ್ಕೂ ಮಿಕ್ಕಿ ಬದುಕುತ್ತಾರೆ; ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದವರಲ್ಲಿ ಹದಿನೈದರ ಆಸುಪಾಸು ಮಾತ್ರ. ಆ ದೇಶದಲ್ಲಿ ತಪಾಸಣೆ ಆರಂಭಿಸುವ ವಯಸ್ಸನ್ನು 2021ರಲ್ಲಿ ಐವತ್ತರಿಂದ ನಲವತ್ತೈದಕ್ಕೆ ಇಳಿಸಲಾಯಿತು. ನಮ್ಮ ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ತಪಾಸಣಾ ಮಾರ್ಗಸೂಚಿಯಲ್ಲಿ ಇದ್ದುದು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳು, ಕರುಳಿನದಲ್ಲ. ಆದ್ದರಿಂದ ಕರುಳಿನ ವಿಷಯದಲ್ಲಿ ಎಚ್ಚರ ವಹಿಸುವ ಹೊಣೆ ಮನೆಯವರದು. ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ, ಯಾವ ವಯಸ್ಸಿನಿಂದ ತಪಾಸಣೆ ಬೇಕೆಂದು ಕೇಳಬೇಕು. ಕಣ್ಣಿಗೆ ಕಾಣದ ರಕ್ತವನ್ನು ಪತ್ತೆಹಚ್ಚುವ ಮಲಪರೀಕ್ಷೆ ಸುಲಭವಾದದ್ದು, ನೋವಿಲ್ಲದ್ದು. ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಆಸ್ಪತ್ರೆಗಳು ನಮ್ಮ ನಾಡಿನಲ್ಲಿವೆ.

ಬರುವ ಶ್ರಾವಣದಲ್ಲಿಯೋ, ಮನೆಯ ಮುಂದಿನ ಶುಭಕಾರ್ಯದಲ್ಲಿಯೋ ಪಂಕ್ತಿಯ ಎಲೆಯಲ್ಲಿ ಮೈದಾದ ಒಂದು ತಿನಿಸನ್ನು ಕಡಿಮೆ ಮಾಡಿ ಒಂದು ರೊಟ್ಟಿ, ಒಂದು ಕಾಳುಪಲ್ಯ, ಒಂದು ಹಿಡಿ ಹಸಿ ಸೊಪ್ಪು ಬಡಿಸೋಣ. ಮಕ್ಕಳು ಅದನ್ನೇ ಹಬ್ಬದೂಟವೆಂದು ತಿಳಿದು ಬೆಳೆಯಲಿ. ಮನೆಯ ಹಿರಿಯರನ್ನು ಒಮ್ಮೆ ಬಳಿಯಲ್ಲಿ ಕೂರಿಸಿಕೊಂಡು ಹೊಟ್ಟೆಯ ಕ್ಷೇಮವನ್ನು ಮುಚ್ಚುಮರೆಯಿಲ್ಲದೆ ವಿಚಾರಿಸೋಣ.