ಗಾಡಿ ಒಬ್ಬನದು, ಹೆಸರು ಇನ್ನೊಬ್ಬನದು

ಚೆನ್ನೈನ ಉತ್ತರ ಅಂಚಿನ ಎಣ್ಣೂರು ವಾಹನಗಳ ಊರು. 1948ರಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್ ಆಸ್ಟಿನ್ ಕಾರುಗಳನ್ನು ಜೋಡಿಸಿದ್ದು ಇಲ್ಲಿ. ಮುಂದೆ ಅದೇ ಕಂಪನಿ ಅಶೋಕ್ ಲೇಲ್ಯಾಂಡ್ ಆಗಿ ಲಾರಿ, ಬಸ್ಸುಗಳಿಗೆ ಹೆಸರಾಯಿತು. 2001ರಲ್ಲಿ ಶುರುವಾಗಿ 2014ರಲ್ಲಿ ಕಾಮರಾಜರ್ ಬಂದರು ಎಂಬ ಹೆಸರು ಪಡೆದ ಇಲ್ಲಿನ ಬಂದರಿನಿಂದ ಹೊಸ ಕಾರುಗಳು ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತವೆ. ಅವುಗಳ ಕಾಗದಪತ್ರ ಸಮುದ್ರ ದಾಟಲು ಯಾವ ತೊಡಕೂ ಇಲ್ಲ. ಆದರೆ ಎಣ್ಣೂರಿನಲ್ಲಿ ದುಡಿಯುವ ಕರ್ನಾಟಕದವನೊಬ್ಬ ಅಲ್ಲಿಯೇ ಒಂದು ಹಳೆಯ ವ್ಯಾನ್ ಕೊಂಡು, ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ತನ್ನ ಹೆಸರಿನಲ್ಲೇ ವಿಮೆ ಇಳಿಸಲು ಹೊರಟರೆ ತನ್ನ ದೇಶದೊಳಗೇ ಪರದೇಶಿಯಾಗುತ್ತಾನೆ.

ಕೋಲಾರದ ಕಡೆಯಿಂದ ಹೋಗಿ ಎಣ್ಣೂರಿನ ಸುತ್ತ ಗೇಟು, ಗ್ರಿಲ್ಲುಗಳ ವೆಲ್ಡಿಂಗ್ ಕೆಲಸ ಹಿಡಿದಿರುವ ಒಬ್ಬನನ್ನು ಊಹಿಸಿಕೊಳ್ಳಿ. ಸರಕು ಸಾಗಿಸಲು ದಿನವೂ ಬಾಡಿಗೆ ಕೊಟ್ಟು ಸಾಕಾಗಿ, ತಮಿಳರು ‘ಕುಟ್ಟಿ ಯಾನೈ’, ಅಂದರೆ ಮರಿ ಆನೆ, ಎಂದು ಕರೆಯುವ ಟಾಟಾ ಏಸ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ನೋಡುತ್ತಾನೆ. ಮಾರುವವನು ತಮಿಳುನಾಡಿನವನು, ಗಾಡಿಯ ನಂಬರೂ ತಮಿಳುನಾಡಿನದು. ಕೊಳ್ಳುವವನ ಆಧಾರ್, ಮತದಾರರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಎಲ್ಲದರಲ್ಲೂ ಇರುವುದು ಊರಿನ ವಿಳಾಸ. ಎಣ್ಣೂರಿನಲ್ಲಿ ಅವನು ನಾಲ್ವರೊಡನೆ ಒಂದು ಕೋಣೆಯಲ್ಲಿದ್ದಾನೆ. ಬಾಡಿಗೆ ಕರಾರು ಪತ್ರ ಇಲ್ಲ, ಕೇಳಿದರೆ ಮನೆ ಮಾಲೀಕ ಬೇರೆ ಮನೆ ನೋಡಿಕೋ ಎನ್ನುತ್ತಾನೆ. ದುಡ್ಡಿದೆ, ಲೈಸೆನ್ಸ್ ಇದೆ, ಮಾರುವವನೂ ಒಪ್ಪಿದ್ದಾನೆ. ಇಲ್ಲದಿರುವುದು ಒಂದು ವಿಳಾಸ ಮಾತ್ರ.

ಕಾನೂನು ಅವನಿಗೆ ಹೇಳುವುದೇನು? 1988ರ ಮೋಟಾರು ವಾಹನ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ವಾಹನವನ್ನು ಸಾಮಾನ್ಯವಾಗಿ ಎಲ್ಲಿ ಇಡಲಾಗುತ್ತದೋ ಅಲ್ಲಿನ ಮನೆ ಅಥವಾ ವ್ಯಾಪಾರದ ಜಾಗದ ಆಧಾರದ ಮೇಲೆ ನೋಂದಣಿ ಆಗಬೇಕು. 50ನೇ ಸೆಕ್ಷನ್ ಕೂಡ ಕೊಂಡವನು 30 ದಿನದೊಳಗೆ ಅಂಥದೇ ವಿಳಾಸದ ಆರ್‌ಟಿಒಗೆ ತಿಳಿಸಬೇಕು ಎನ್ನುತ್ತದೆ. ಅಂದರೆ ನಮ್ಮ ವೆಲ್ಡರ್ ತಮಿಳುನಾಡಿನ ಆರ್‌ಟಿಒಗೇ ಹೋಗಬೇಕು. ಆದರೆ ಅಲ್ಲಿ ತೋರಿಸಲು ಅವನ ಬಳಿ ವಿಳಾಸವಿಲ್ಲ.

ಎರಡನೆಯ ದಾರಿ ಊರಿನ ವಿಳಾಸಕ್ಕೆ ಮಾಡಿಸುವುದು. ಅದಕ್ಕೆ ತಮಿಳುನಾಡಿನಿಂದ 48ನೇ ಸೆಕ್ಷನ್ನಿನ ಎನ್‌ಒಸಿ ಬೇಕು. ಸಾಲವಿದ್ದರೆ ಮೊದಲು ಫೈನಾನ್ಸ್ ಕಂಪನಿಯಿಂದ 35ನೇ ಫಾರಂ, ತೆರಿಗೆ ಬಾಕಿ ಇಲ್ಲವೆಂಬ ದಾಖಲೆ, ಕಳವಿನ ಪ್ರಕರಣ ಇಲ್ಲವೆಂಬ ಪೊಲೀಸ್ ವರದಿ. ಆಮೇಲೆ ಗಾಡಿಯನ್ನು ಕೋಲಾರಕ್ಕೆ ಓಡಿಸಿಕೊಂಡು ಹೋಗಿ ತೋರಿಸಿ, ಕರ್ನಾಟಕದ ತೆರಿಗೆ ಕಟ್ಟಿ, ಹೊಸ ನಂಬರ್ ಪಡೆದು ಮತ್ತೆ ಎಣ್ಣೂರಿಗೆ ತರಬೇಕು. ಅಷ್ಟಾದರೂ ಮುಗಿಯುವುದಿಲ್ಲ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ನಂಬರ್ ಪಡೆಯಬೇಕು ಎಂದು 47ನೇ ಸೆಕ್ಷನ್ ಹೇಳುತ್ತದೆ. ವರ್ಷ ತುಂಬುತ್ತಲೇ ಮೊದಲ ಬಾಗಿಲಿಗೇ ಬಂದು ನಿಂತಂತಾಯಿತು: ತಮಿಳುನಾಡಿನ ವಿಳಾಸ ತೋರಿಸು.

ಮೂರನೆಯ ದಾರಿಯನ್ನು ಬ್ರೋಕರ್ ತೋರಿಸಿಕೊಡುತ್ತಾನೆ. ಮಾರುವವನಿಂದ 29 ಮತ್ತು 30ನೇ ಫಾರಂಗಳಿಗೆ ಸಹಿ ಹಾಕಿಸಿ, ತಾರೀಖು ಬರೆಯದೆ ಮಡಚಿ ಆರ್‌ಸಿಯ ಜೊತೆ ಕೈಗಿಡುತ್ತಾನೆ. ‘ಆಮೇಲೆ ಮಾಡಿಸಿದರಾಯಿತು, ಈಗ ಗಾಡಿ ಓಡಿಸಿ ದುಡ್ಡು ಮಾಡಿಕೋ.’ ಖರ್ಚಿಲ್ಲ, ಅಲೆದಾಟವಿಲ್ಲ. ಗಾಡಿ ಕೋಲಾರದವನದು, ಸರ್ಕಾರದ ಕಡತದಲ್ಲಿ ಹೆಸರು ಎಣ್ಣೂರಿನವನದು. ಮೊದಲ ಎರಡು ದಾರಿಗಳನ್ನು ಮುಳ್ಳು ಹಾಕಿ ಮುಚ್ಚಿಟ್ಟು, ಜನ ಮೂರನೆಯದನ್ನು ಹಿಡಿದರೆ ಅವರನ್ನು ಕಾನೂನು ಮುರಿಯುವವರು ಎಂದು ಬೈಯುವುದು ನಮ್ಮ ವ್ಯವಸ್ಥೆಯ ಚಾಳಿ.

ಈ ಮೂರನೆಯ ದಾರಿಯ ನಿಜವಾದ ಬೆಲೆ ಗೊತ್ತಾಗುವುದು ವಿಮೆಯ ವಿಷಯ ಬಂದಾಗ.

ಮಾರಾಟವಾದ ದಿನವೇ ಹಳೆಯ ಪಾಲಿಸಿ ಕೊಂಡವನಿಗೆ ವರ್ಗವಾದಂತೆ ಎಂದು ಕಾಯ್ದೆಯ 157ನೇ ಸೆಕ್ಷನ್ ಹೇಳುತ್ತದೆ. ಅವನು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಕೇಳಲು ಚೆನ್ನಾಗಿದೆ. ಆದರೆ ಈ ರಕ್ಷಣೆ ಥರ್ಡ್ ಪಾರ್ಟಿಗೆ, ಅಂದರೆ ಗಾಡಿಯಿಂದ ಪೆಟ್ಟಾದ ಹೊರಗಿನವರಿಗೆ, ಮಾತ್ರ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಸ್ಪಷ್ಟಪಡಿಸಿದೆ. ಗಾಡಿಗೇ ಆದ ನಷ್ಟಕ್ಕೆ ಹೊಸ ಮಾಲೀಕನ ಹೆಸರಿನಲ್ಲಿ ಕರಾರು ಬೇಕು. ಗಾಡಿ ಕಳುವಾದರೆ, ಸುಟ್ಟರೆ, ಮಳೆಗಾಲದಲ್ಲಿ ಮುಳುಗಿದರೆ ದುಡ್ಡು ಕೊಟ್ಟು ಕೊಂಡವನಿಗೆ ಕಂಪನಿಯ ಜೊತೆ ಕರಾರಿಲ್ಲ, ಕರಾರಿರುವವನಿಗೆ ನಷ್ಟವಾಗಿಲ್ಲ. ಇಂಥ ಬಿಕ್ಕಟ್ಟಿನ ಲಾರಿ ಪ್ರಕರಣವೊಂದರಲ್ಲಿ ಅಪಘಾತ ನಡೆದದ್ದು 2011ರಲ್ಲಿ. ಕಡತದಲ್ಲಿ ಹೆಸರಿದ್ದವನಿಗೆ ಪರಿಹಾರ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ. ಒಂದು ಟಾಟಾ ಏಸ್ ನಂಬಿ ಬದುಕುವವನು ಅಷ್ಟು ವರ್ಷ ಕಾಯಬಲ್ಲನೆ? ಕಾದರೂ ಹಣ ಹೋಗುವುದು ಕಾಗದದ ಮೇಲಿನ ಮಾಲೀಕನಿಗೆ.

ಪಾಲಿಸಿಯ ಅವಧಿ ಮುಗಿದಾಗ ಇನ್ನೊಂದು ತೊಂದರೆ ಶುರುವಾಗುತ್ತದೆ. ನವೀಕರಿಸಿ ಎಂಬ ಸಂದೇಶ ಹೋಗುವುದು ಹಳೆಯ ಮಾಲೀಕನ ಫೋನಿಗೆ. ಗಾಡಿ ಮಾರಿ ಮರೆತವನು ಅದನ್ನು ಅಳಿಸಿ ಹಾಕುತ್ತಾನೆ. 2023ರ ಜನವರಿಯಿಂದ ವಿಮೆ ಕೊಳ್ಳುವವರ ಕೆವೈಸಿ ಕಡ್ಡಾಯ. ಕೊಂಡವನು ತಾನೇ ನವೀಕರಿಸಲು ಹೋದರೆ ಆರ್‌ಸಿಯ ಹೆಸರು ಬೇರೆ, ಆಧಾರ್‌ನ ಹೆಸರು ಬೇರೆ. ಒಂದು ದಿನ ಗಾಡಿ ವಿಮೆ ಇಲ್ಲದೆ ರಸ್ತೆಗಿಳಿಯುತ್ತದೆ, ಯಾರ ದುರುದ್ದೇಶವೂ ಇಲ್ಲದೆ. ಆ ದಿನ ಅದು ಒಬ್ಬ ಪಾದಚಾರಿಗೆ ಬಡಿದರೆ?

ಆಗ ಕಟ್ಟಬೇಕಾದವನು ಯಾರು ಎಂಬುದಕ್ಕೆ ಉತ್ತರ ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲೇ ಇದೆ: ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವನೇ ಮಾಲೀಕ. ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿದ್ದ ಕಾರೊಂದರ ಅಪಘಾತದ ಪ್ರಕರಣದಲ್ಲಿ, 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದು ಕಡತದಲ್ಲಿ ಹೆಸರಿದ್ದವನೇ ಪರಿಹಾರ ಕೊಡಬೇಕು ಎಂದಿತು. ಗಾಯಾಳುವಿನ ಕಡೆಯಿಂದ ನೋಡಿದರೆ ತೀರ್ಪು ಸರಿ. ಆಸ್ಪತ್ರೆಯಲ್ಲಿ ಮಲಗಿದವನು ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ಹುಡುಕುತ್ತಾ ಕೂರಲಾರ. ಆದರೆ ಎಂದೋ ಗಾಡಿ ಮಾರಿದ ಎಣ್ಣೂರಿನ ಸಂಸಾರವೊಂದು ಕಂಡು ಕೇಳರಿಯದ ಅಪಘಾತಕ್ಕೆ ಲಕ್ಷಗಟ್ಟಲೆ ಹೊಣೆಯಾಗುತ್ತದೆ. ಆ ಸಂಸಾರದ ಬಳಿ ಅಷ್ಟು ಹಣ ಇಲ್ಲದಿದ್ದರೆ ಗಾಯಾಳುವಿನ ಕೈಗೆ ಸಿಗುವುದು ತೀರ್ಪಿನ ಪ್ರತಿ ಮಾತ್ರ. ಕೊಂಡವನು, ಮಾರಿದವನು, ರಸ್ತೆಯಲ್ಲಿ ನಡೆಯುತ್ತಿದ್ದವನು ಮೂವರೂ ಸೋತರು. ಮೂಲ ಕಾರಣ ಒಂದು ಬಾಡಿಗೆ ಕರಾರು ಪತ್ರ ಇಲ್ಲದಿದ್ದದ್ದು.

ಇದು ಹೀಗೆಯೇ ಇರಬೇಕೆ? ವಾಹನಕ್ಕೆ ಸಂಬಂಧಿಸಿದ ಉಳಿದೆಲ್ಲವನ್ನೂ ನೋಡಿ. ಕೋಲಾರದಲ್ಲಿ ಪಡೆದ ಲೈಸೆನ್ಸ್ ಎಣ್ಣೂರಿನಲ್ಲಿ ನಡೆಯುತ್ತದೆ. ಫಾಸ್ಟ್ಯಾಗ್ ಯಾವ ರಾಜ್ಯದ ಟೋಲ್‌ನಲ್ಲೂ ನಡೆಯುತ್ತದೆ. ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿಯಾಗುವುದು ಇಡೀ ದೇಶಕ್ಕೆ ಒಂದೇ. ಸರಕು ವಾಹನವಾದರೆ ಅದರ ತೂಕ ನೋಡುತ್ತಾರೆ, ರಾಜ್ಯ ನೋಡುವುದಿಲ್ಲ. ‘ವಾಹನ್’ ದಾಖಲೆಯಲ್ಲಿ ಚಾಸಿ ನಂಬರ್ ಹಾಕಿದರೆ ಗಾಡಿಯ ವಿವರ ಬರುತ್ತದೆ. ಎಲ್ಲವೂ ಗಡಿ ದಾಟಿವೆ, ಮಾಲೀಕನ ಹೆಸರು ಮಾತ್ರ ದಾಟಿಲ್ಲ. 2019ರ ತಿದ್ದುಪಡಿಯಲ್ಲಿ ಸಂಸತ್ತು ರಾಜ್ಯದೊಳಗಿನ ಯಾವ ಆರ್‌ಟಿಒದಲ್ಲಾದರೂ ನೋಂದಣಿ ಮಾಡಿಸಬಹುದು ಎಂದಿತು. ಒಳ್ಳೆಯ ಹೆಜ್ಜೆ, ಆದರೆ ಆ ಹೆಜ್ಜೆ ಅತ್ತಿಬೆಲೆಯ ಈಚೆಗೇ ನಿಂತುಬಿಟ್ಟಿತು.

ಗಡಿ ದಾಟಿಸಲು ಸರ್ಕಾರಕ್ಕೆ ಬರುವುದಿಲ್ಲ ಎಂದೂ ಅಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬಿಎಚ್ ಸರಣಿ ಬಂತು. ಬಿಎಚ್ ನಂಬರಿನ ಕಾರು ರಾಜ್ಯ ಬದಲಿಸಿದರೂ ಹೊಸ ನೋಂದಣಿ ಬೇಡ, ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು. ಯಾರಿಗೆ ಈ ಸೌಲಭ್ಯ? ಸೈನಿಕರಿಗೆ, ಸರ್ಕಾರಿ ಮತ್ತು ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಗಳ ನೌಕರರಿಗೆ. ಅದೂ ಸ್ವಂತ ಬಳಕೆಯ ವಾಹನಕ್ಕೆ ಮಾತ್ರ, ಹಳದಿ ಬೋರ್ಡಿಗೆ ಇಲ್ಲ. ವರ್ಗಾವಣೆಯಾಗುವ ಅಧಿಕಾರಿಯ ಕಷ್ಟ ದೆಹಲಿಗೆ ಕಂಡಿತು. ಕೆಲಸ ಹುಡುಕಿಕೊಂಡು ರಾಜ್ಯದಿಂದ ರಾಜ್ಯಕ್ಕೆ ಹೋಗುವ ವೆಲ್ಡರ್, ಗಾರೆಯವನು, ಅಡುಗೆಯವನು, ಹಳೆಯ ವ್ಯಾನ್‌ನಲ್ಲಿ ತರಕಾರಿ ಮಾರುವವಳು ಕಾಣಲಿಲ್ಲ. ಕಾರು ಇರುವವನಿಗೆ ದೇಶ ಒಂದು, ಗಾಡಿಯಿಂದ ಅನ್ನ ದುಡಿಯುವವನಿಗೆ ದೇಶ ಹಲವು.

ಈ ಮಾತಿಗೆ ಎರಡು ಆಕ್ಷೇಪಗಳು ಬರುತ್ತವೆ. ಒಂದು, ತೆರಿಗೆ. ವಾಹನ ತೆರಿಗೆ ರಾಜ್ಯಗಳ ಹಕ್ಕು, ರಾಜ್ಯಪಟ್ಟಿಯ 57ನೇ ನಮೂದಿನಲ್ಲಿದೆ. ಅದನ್ನು ಕಿತ್ತುಕೊಳ್ಳಬೇಕೆಂದು ಇಲ್ಲಿ ವಾದವಿಲ್ಲ. ದೆಹಲಿ ಎಲ್ಲವನ್ನೂ ಬಾಚಿಕೊಳ್ಳುವ ಈ ಕಾಲದಲ್ಲಿ ರಾಜ್ಯಗಳು ತಮ್ಮ ಪಾಲನ್ನು ಕಾಯ್ದುಕೊಳ್ಳುವುದು ಸರಿಯೇ. ಆದರೆ ಅದೇ ನಮೂದು ಸಮವರ್ತಿ ಪಟ್ಟಿಯ 35ನೇ ನಮೂದಿಗೆ ಒಳಪಟ್ಟಿದೆ. ವಾಹನ ತೆರಿಗೆ ಯಾವ ತತ್ವದ ಮೇಲೆ ನಡೆಯಬೇಕು ಎಂಬುದನ್ನು ಸಂಸತ್ತು ಹೇಳಬಹುದು ಎಂದೇ ಅದರ ಅರ್ಥ. ಜಿಎಸ್‌ಟಿಯಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದ ಸರಕಿನ ತೆರಿಗೆ ಲೆಕ್ಕವನ್ನು 2017ರಿಂದ ಸರ್ಕಾರಗಳೇ ತಮ್ಮತಮ್ಮಲ್ಲಿ ತೀರಿಸಿಕೊಳ್ಳುತ್ತಿವೆ, ಕೊಂಡವನನ್ನು ಓಡಾಡಿಸುವುದಿಲ್ಲ. ಒಂದು ವ್ಯಾನಿನ ಉಳಿದ ತೆರಿಗೆಯನ್ನು ಚೆನ್ನೈಯಿಂದ ಬೆಂಗಳೂರಿಗೆ ದಾಟಿಸುವುದು ಅದಕ್ಕಿಂತ ಕಷ್ಟವೆ? ಜರ್ಮನಿಯೂ ನಮ್ಮ ಹಾಗೆ ರಾಜ್ಯಗಳ ಒಕ್ಕೂಟ. ಅಲ್ಲಿ 2009ರಲ್ಲಿ ವಾಹನ ತೆರಿಗೆ ಒಕ್ಕೂಟಕ್ಕೆ ಹೋಯಿತು, ರಾಜ್ಯಗಳಿಗೆ ಬದಲಿ ಹಣದ ಏರ್ಪಾಡಾಯಿತು. 2015ರಿಂದ ಜನ ಊರು ಬದಲಿಸಿದರೂ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು.

ಎರಡನೆಯ ಆಕ್ಷೇಪ ಕಳ್ಳತನದ್ದು, ಪೊಲೀಸರದ್ದು. ಗಾಡಿ ಎಲ್ಲಿದೆ, ಯಾರ ಬಳಿ ಇದೆ ಎಂದು ಸರ್ಕಾರಕ್ಕೆ ಗೊತ್ತಿರಬೇಡವೆ? ಖಂಡಿತ ಗೊತ್ತಿರಬೇಕು. ಈಗ ಗೊತ್ತಿಲ್ಲ ಎಂಬುದೇ ದೂರು. ಗಾಡಿ ಎಲ್ಲಿದೆ ಎಂದು ತಿಳಿಯಲು ಇಟ್ಟ ವಿಳಾಸದ ಷರತ್ತೇ ಗಾಡಿ ಯಾರದು ಎಂಬುದನ್ನು ಮುಚ್ಚಿಡುತ್ತಿದೆ. ಸಿಗ್ನಲ್ ಹಾರಿದವನು ಒಬ್ಬ, ದಂಡದ ಚೀಟಿ ಹೋಗುವುದು ಇನ್ನೊಬ್ಬನಿಗೆ. ಪೂರ್ತಿ ವಿಳಾಸ ಇರುವ ಸುಳ್ಳು ಮಾಲೀಕನಿಗಿಂತ, ಊರಿನ ವಿಳಾಸವನ್ನಷ್ಟೇ ಕೊಟ್ಟ ನಿಜವಾದ ಮಾಲೀಕನೇ ಪೊಲೀಸರಿಗೆ ಹೆಚ್ಚು ಉಪಯೋಗ.

ಹಾಗಾಗಿ ಬೇಡಿಕೆ ಸಣ್ಣದು. ಒಡೆತನದ ದಾಖಲೆಯನ್ನು ತೆರಿಗೆಯಿಂದಲೂ ವಾಸದ ಪುರಾವೆಯಿಂದಲೂ ಬಿಡಿಸಬೇಕು. ಮಾರುವವನು, ಕೊಳ್ಳುವವನು ಇಬ್ಬರೂ ಆಧಾರ್ ತೋರಿಸಿ ಒಪ್ಪಿದರೆ, ಸಾಲವೂ ಕಳವಿನ ದೂರೂ ಇಲ್ಲವಾದರೆ, ಯಾವ ರಾಜ್ಯದ ಯಾವ ಆರ್‌ಟಿಒ ಆದರೂ ಹೆಸರು ಬದಲಿಸಬೇಕು. ಅದೇ ಹೊತ್ತಿಗೆ ಪಾಲಿಸಿಯೂ ಹೊಸ ಹೆಸರಿಗೆ ಹೋಗಬೇಕು. ನಂಬರ್, ತೆರಿಗೆ, ಎಫ್‌ಸಿಯ ವಿಚಾರಗಳು ಆಮೇಲೆ ನಡೆಯಲಿ, ಬಾಕಿ ಇದ್ದರೆ ನಿಜವಾದ ಮಾಲೀಕನಿಂದಲೇ ವಸೂಲಾಗಲಿ. ಹಳೆಯ ವಾಹನಗಳ ಡೀಲರುಗಳಿಗೆ ಇದಕ್ಕೆ ಹತ್ತಿರದ ಏರ್ಪಾಡು ಆಗಲೇ ಇದೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಲ್ಲಿ, ಮಾರಲು ವಾಹನ ಪಡೆದ ಅಧಿಕೃತ ಡೀಲರನ್ನು ಅದರ ಮಾಲೀಕನೆಂದೇ ಎಣಿಸಿ ಹೊಣೆ ಹೊರಿಸಲಾಗುತ್ತದೆ. ವ್ಯಾಪಾರಿಗೆ ಆಗುವುದು ಗಿರಾಕಿಗೆ ಯಾಕೆ ಆಗಬಾರದು?

ಅಲ್ಲಿಯವರೆಗೆ ಹೊರರಾಜ್ಯದಲ್ಲಿ ಹಳೆಯ ಗಾಡಿ ಕೊಳ್ಳುವವರು ತಮ್ಮನ್ನು ತಾವೇ ಕಾಯ್ದುಕೊಳ್ಳಬೇಕು. ಖಾಲಿ ಫಾರಂ ಒಪ್ಪಿಕೊಳ್ಳಬಾರದು. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಎನ್‌ಒಸಿ ಅರ್ಜಿಗೆ 30 ದಿನದೊಳಗೆ ನಿರಾಕರಣೆ ಬರದಿದ್ದರೆ ಅದು ಸಿಕ್ಕಂತೆಯೇ ಎಂದು 48ನೇ ಸೆಕ್ಷನ್ನೇ ಹೇಳುತ್ತದೆ ಎಂಬುದನ್ನು ಕೌಂಟರಿನಲ್ಲಿ ನೆನಪಿಸಬೇಕು. ಮಾರಾಟದ ಪತ್ರದಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸಬೇಕು. 14 ದಿನದೊಳಗೆ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಇಟ್ಟುಕೊಳ್ಳಬೇಕು. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ತನಗೆ ಬರುತ್ತದೆಂದು ಲೆಕ್ಕ ಹಾಕಬಾರದು, ಅದು ಮನುಷ್ಯನದು, ಗಾಡಿಯದಲ್ಲ. ಮಾರುವವರೂ 29ನೇ ಫಾರಂ ತಾವೇ ಸಲ್ಲಿಸಬೇಕು, ಬ್ರೋಕರನ ಮಾತು ನಂಬಿ ಕೂರಬಾರದು.

ಆದರೆ ಇದೆಲ್ಲ ಓದು ಬರಹ, ಬಿಡುವು, ಚೂರು ಧೈರ್ಯ ಇರುವವರಿಗೆ ಆಗುವ ಕೆಲಸ. ದಿನದ ಕೂಲಿ ಬಿಟ್ಟು ಎರಡು ರಾಜ್ಯಗಳ ಕಚೇರಿ ಸುತ್ತಲಾಗದವನಿಗೆ ಇಂಥ ಬುದ್ಧಿಮಾತಿನಿಂದ ಏನೂ ಆಗುವುದಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಅವನಿಗೂ ಕೊಟ್ಟಿದೆ. ನೆಲೆಸಿದ ಕಡೆ ತಾನು ದುಡ್ಡು ಕೊಟ್ಟು ಕೊಂಡ ಗಾಡಿಯ ಮೇಲೆ ತನ್ನ ಹೆಸರು ಬರೆಸಿಕೊಳ್ಳುವುದನ್ನೂ ಸಂಸತ್ತು ಅವನಿಗೆ ಸುಲಭ ಮಾಡಿಕೊಡಬೇಕು.