ಬಾಸೆಲಿನ ಆಜ್ಞೆ, ಮಂಗಳೂರಿನ ಬದುಕು

ಪ್ರತಿವರ್ಷ ಜುಲೈ 1ರಂದು ಕನ್ನಡನಾಡು ಪತ್ರಿಕಾ ದಿನವನ್ನಾಚರಿಸುತ್ತ, 1843ರ ಅದೇ ದಿನ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರನ್ನು ಸ್ಮರಿಸುತ್ತದೆ; 1894ರಲ್ಲಿ ಬೆಳಕು ಕಂಡ ಮಹಾನಿಘಂಟಿನ ಕರ್ತೃಗಳಾದ ಫರ್ಡಿನಂಡ್ ಕಿಟ್ಟೆಲರ ಪ್ರತಿಮೆ ಬೆಂಗಳೂರಿನಲ್ಲಿ ನಿಂತಿದೆ. ಈ ಕೃತಜ್ಞತೆ ಉಚಿತವಾದುದೇ. ಆದರೆ ಮಿಷನರಿಗಳನ್ನು ಕೇವಲ ನುಡಿಸೇವಕರೆಂದು ಬಗೆಯುವವರೂ, ಕೇವಲ ಮತಪ್ರಚಾರಕರೆಂದು ಬಗೆಯುವವರೂ, ಅವರ ಮನೆಯ ಜಗಲಿಯವರೆಗೆ ಬಂದು ಹಿಂದಿರುಗುವವರೇ ಹೊರತು ಒಳಗಿನ ನಡುಮನೆಯನ್ನು ಕಂಡವರಲ್ಲ. ಯಾರನ್ನು ವಿವಾಹವಾಗಬೇಕು, ಮಕ್ಕಳನ್ನು ಎಲ್ಲಿ ಬೆಳೆಸಬೇಕು, ತಮ್ಮ ಮಾತನ್ನು ನಂಬಿ ಬಂದವರಿಗೆ ಅನ್ನದ ದಾರಿ ಯಾವುದು, ಮನೆಯವರ ದೇಹ ಸೋತಾಗ ಸ್ವದೇಶಕ್ಕೆ ಮರಳುವುದು ಧರ್ಮವೋ ಅಧರ್ಮವೋ ಎಂಬ ನಿತ್ಯಜೀವನದ ಪ್ರಶ್ನೆಗಳಲ್ಲಿಯೇ ಅವರ ವಿಶ್ವಾಸವು ಪರೀಕ್ಷೆಗೊಳಗಾಯಿತು. ದೇವರ ಚಿತ್ತವೆಂದು ಕೈಗೊಂಡ ನಿರ್ಧಾರವನ್ನು ತೂಗುವಾಗ, ಅದರ ಭಾರವನ್ನು ಹೊತ್ತವರು ಯಾರು, ಹೊರಿಸುವ ಮುನ್ನ ಅವರನ್ನು ಯಾರಾದರೂ ಕೇಳಿದ್ದರೇ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಮಿಷನ್ ಸಂಸ್ಥೆಯು, ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲನ್ನು ತೆರೆದ 1833ರ ಶಾಸನದ ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. ಬಾಸೆಲಿನ ಆಡಳಿತ ಸಮಿತಿಯ ಕೈ ಬಲು ಉದ್ದವಾದುದು. ತರುಣ ಮಿಷನರಿಯು ಅವಿವಾಹಿತನಾಗಿಯೇ ಹೊರಡಬೇಕು. ಎರಡು ವರ್ಷ ಸೇವೆ ಸಲ್ಲಿಸಿದ ಮೇಲೆ ವಿವಾಹಕ್ಕೆ ಅಪ್ಪಣೆ ಬೇಡಬಹುದು. ಅಪ್ಪಣೆ ದೊರೆತರೆ ಅನೇಕ ವೇಳೆ ವಧುವನ್ನು ಅರಸುವ ಕಾರ್ಯವೂ ಅಲ್ಲಿಂದಲೇ ನಡೆಯುತ್ತಿತ್ತು. ಹೀಗೆ ಪರಿಚಯವೇ ಇಲ್ಲದ ಪುರುಷನನ್ನು ವರಿಸಲು ಸಮುದ್ರವನ್ನು ದಾಟಿ ಬಂದ ಕನ್ಯೆಯರು ಅನೇಕರು. ಕರೆಯು ಪತ್ರದ ಮೂಲಕ ಬಂದರೂ ಅದನ್ನು ದೇವರದೆಂದೇ ನಂಬಿ ಒಪ್ಪಿಕೊಂಡ ಆ ಹೆಣ್ಣುಮಕ್ಕಳ ಧೈರ್ಯವನ್ನು ನಾನು ಗೌರವಿಸುತ್ತೇನೆ. ಹಿರಿಯರು ಗೊತ್ತುಮಾಡಿದ ವರನನ್ನು ಧಾರೆಯ ಹೊತ್ತಿನಲ್ಲಿ ಮೊದಲ ಬಾರಿಗೆ ಕಂಡ ಅಜ್ಜಿಯರು ನಮ್ಮ ಮನೆಗಳಲ್ಲಿಯೂ ಇದ್ದರಾದುದರಿಂದ, ಅದನ್ನು ವಿದೇಶದ ವಿಚಿತ್ರವೆಂದು ತಳ್ಳಿಹಾಕಲು ನಮಗೆ ಅಧಿಕಾರವಿಲ್ಲ.

ಮಕ್ಕಳ ವಿಷಯವು ಹಾಗಲ್ಲ. ಇಲ್ಲಿ ಹುಟ್ಟಿದ ಮಕ್ಕಳನ್ನು, ಶಾಲೆಗೆ ಹೋಗುವ ವಯಸ್ಸು ಬಂದೊಡನೆ ಯೂರೋಪಿಗೆ ಕಳುಹಿಸಬೇಕೆಂಬುದು ಪದ್ಧತಿಯಾಯಿತು. ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ಮನೆಗಳೂ 1850ರ ದಶಕದಲ್ಲಿ ಏರ್ಪಟ್ಟುವು. ಇದಕ್ಕೆ ಕೊಡುತ್ತಿದ್ದ ಕಾರಣಗಳು ಸುಳ್ಳಾಗಿರಲಿಲ್ಲ: ಕರಾವಳಿಯ ಜ್ವರಗಳು ಎಳೆಯ ಜೀವಗಳನ್ನು ನಿರ್ದಯವಾಗಿ ಸೆಳೆದೊಯ್ಯುತ್ತಿದ್ದುವು, ಅವರ ಭಾಷೆಯ ವಿದ್ಯಾಭ್ಯಾಸಕ್ಕೆ ಇಲ್ಲಿ ಅನುಕೂಲವಿರಲಿಲ್ಲ. ಆದರೆ ಸುತ್ತಣ ಸಮಾಜದ ಆಚಾರವಿಚಾರಗಳು ಮಕ್ಕಳಿಗೆ ಅಂಟೀತೆಂಬ ಭಯವೂ ಅದರೊಂದಿಗೆ ಬೆರೆತಿತ್ತು. ಯಾವ ಜನರ ನಡುವೆ ಪ್ರೇಮವನ್ನು ಬೋಧಿಸಲೆಂದು ತಂದೆ ಬಂದನೋ ಆ ಜನರ ಸಂಸರ್ಗವು ಮಗುವಿಗೆ ಅಪಾಯವೆಂದು ಎಣಿಸುವುದರಲ್ಲಿ ಎಂತಹ ವಿರೋಧವಿದೆ! 1842ರಲ್ಲಿ ತಲಶ್ಶೇರಿಯಲ್ಲಿ ಜನಿಸಿದ ಮಾರಿ ಗುಂಡರ್ಟ್, ಮಲಯಾಳ ನಿಘಂಟುಕಾರ ಹೆರ್ಮನ್ ಗುಂಡರ್ಟರ ಮಗಳು, ಬಾಲ್ಯದಲ್ಲಿಯೇ ಯೂರೋಪಿನಲ್ಲಿ ಉಳಿಯಬೇಕಾಯಿತು. ತಂದೆತಾಯಿಗಳು ಮಲಬಾರಿಗೆ ಮರಳಿದರು. ಆಕೆ ಮತ್ತೆ ಈ ನೆಲವನ್ನು ಕಂಡದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ಮುಂದೆ ಮಂಗಳೂರಿನಲ್ಲಿ ಸೇವೆ ಸಲ್ಲಿಸಿ ಅನಾರೋಗ್ಯದಿಂದ ಹಿಂದಿರುಗಿದ ಯೊಹಾನ್ನೆಸ್ ಹೆಸ್ಸೆಯವರನ್ನು ವರಿಸಿ, ಸಾಹಿತಿ ಹೆರ್ಮನ್ ಹೆಸ್ಸೆಯ ತಾಯಿಯಾದವಳೂ ಈಕೆಯೇ. ಸೂಯೆಜ್ ಕಾಲುವೆ 1869ರಲ್ಲಿ ತೆರೆಯುವ ಮುನ್ನ, ಮಗು ಕಾಯಿಲೆ ಬಿದ್ದ ಸುದ್ದಿ ತಾಯಿಯ ಕೈಸೇರುವ ವೇಳೆಗೆ ಅದು ಗುಣಹೊಂದಿಯೋ ಗತಿಸಿಯೋ ಬಹಳ ದಿನಗಳಾಗಿರುತ್ತಿದ್ದುವು. ಹಿರಿಯರು ತಮ್ಮ ಸುಖವನ್ನು ತ್ಯಜಿಸಲು ಸ್ವತಂತ್ರರು. ಮಗುವಿನ ಪಾಲಿನ ತಾಯಿಯನ್ನು ತ್ಯಜಿಸಲು ಅವರಿಗೆ ಯಾವ ಸ್ವಾತಂತ್ರ್ಯವಿತ್ತು? ಸಮಿತಿಯ ನಿಯಮವನ್ನು ದೈವಾಜ್ಞೆಯಂತೆ ಶಿರಸಾವಹಿಸಿದುದು ಇಲ್ಲಿ ತಪ್ಪೆಂದೇ ಹೇಳಬೇಕು.

ಇನ್ನು ಜೀವನೋಪಾಯದ ಪ್ರಶ್ನೆ. ದೀಕ್ಷಾಸ್ನಾನ ಪಡೆದವನು ಜಾತಿಯಿಂದ ಹೊರಬಿದ್ದೊಡನೆ ಮನೆ, ಗೇಣಿಭೂಮಿ, ಸಾಲ ಕೊಡುವ ಒಡೆಯ ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದನು. 1850ರ ಕಾಯಿದೆಯು ಮತಾಂತರಗೊಂಡವನ ಪಿತ್ರಾರ್ಜಿತದ ಹಕ್ಕನ್ನು ರಕ್ಷಿಸಿತಾದರೂ, ಹಕ್ಕನ್ನೇ ಕಾಣದ ಬಡವನಿಗೆ ಕಾಯಿದೆಯಿಂದೇನು? ಬಿಲ್ಲವರಿಂದ ಬಂದವರಿಗಂತೂ ಶೇಂದಿ ಇಳಿಸುವ ಕುಲಕಸುಬನ್ನೇ ಮಿಷನ್ ಬಿಡಿಸಿತು. ಉಪದೇಶದಿಂದ ಒಬ್ಬನ ಅನ್ನ ಹೋದರೆ ಆ ಅನ್ನದ ಚಿಂತೆಯೂ ಉಪದೇಶಕನದೇ ಆಗಬೇಕೆಂಬ ಅರಿವು ಈ ಮಿಷನರಿಗಳಿಗೆ ಬಂದುದು ಅವರ ಚರಿತ್ರೆಯಲ್ಲಿ ನಾನು ಅತ್ಯಂತ ಮೆಚ್ಚುವ ಸಂಗತಿ. ನೇಯ್ಗೆ ಬಲ್ಲ ಯೊಹಾನ್ ಹಾಲರ್ 1851ರಲ್ಲಿ ಬಂದು ಮಗ್ಗಗಳನ್ನು ಹೂಡಿದರು. ಖಾಕಿ ಬಟ್ಟೆಗೆ ಆ ನೇಯ್ಗೆಶಾಲೆ ಹೆಸರಾಯಿತು. ಅಚ್ಚುಕೂಟವನ್ನು ನೋಡಿಕೊಳ್ಳಲು ಬಂದ ಗೆಯೋರ್ಗ್ ಪ್ಲೆಬ್ಸ್ಟ್, ನದೀತೀರದ ಜೇಡಿಮಣ್ಣನ್ನು ಪರೀಕ್ಷಿಸಿ, 1860ರ ದಶಕದಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೊಡಗಿಸಿದರು. ಆರಂಭದಲ್ಲಿ ಒಂದು ಜೋಡಿ ಎತ್ತು, ಇಬ್ಬರು ಕೆಲಸಗಾರರು, ದಿನಕ್ಕೆ 560 ಹಂಚು. ಮುಳಿಹುಲ್ಲಿನ ಮಾಡುಗಳಿದ್ದ ಕರಾವಳಿಯು ಕೆಂಪು ಹಂಚಿನ ನಾಡಾಯಿತು.

ಧರ್ಮಬೋಧಕರಿಗೆ ವ್ಯಾಪಾರವು ಸಲ್ಲದೆಂಬ ಆಕ್ಷೇಪವು ಮಿಷನ್ನಿನೊಳಗೂ ಕೇಳಿಬಂದಿತ್ತು. ಆ ಆಕ್ಷೇಪಕ್ಕೆ ನನ್ನ ಸಮ್ಮತಿಯಿಲ್ಲ. ಕೂಲಿ ಕೊಟ್ಟು ಕೆಲಸ ಕಲಿಸುವುದು ಭಿಕ್ಷೆ ಕೊಡುವುದಕ್ಕಿಂತ ಸಹಸ್ರಪಾಲು ಶ್ರೇಯಸ್ಕರ. ನಿಜವಾದ ದೋಷ ಬೇರೆಡೆಯಲ್ಲಿತ್ತು: ಕೆಲಸ ಕೊಡುವ ಧಣಿಯೂ, ವಾಸದ ಮನೆಯ ಒಡೆಯನೂ, ಭಾನುವಾರ ಬೋಧಿಸುವ ಪಾದ್ರಿಯೂ ಒಂದೇ ಸಂಸ್ಥೆಗೆ ಸೇರಿದಾಗ, ಸಭೆಯ ಬಡ ಸದಸ್ಯನು ಭಿನ್ನಾಭಿಪ್ರಾಯವನ್ನು ಬಾಯಿಬಿಟ್ಟು ಹೇಳುವುದೆಂತು? ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧಿತರಾಗಿ, ಕಾರ್ಖಾನೆಗಳು ಸರಕಾರದ ವಶವಾಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದಾಗ, ಈ ನಾಡಿನ ಸಭೆಗಳು ತಮ್ಮ ಕಾಲ ಮೇಲೆ ನಿಲ್ಲುವುದನ್ನು ಅನಿವಾರ್ಯವಾಗಿ ಕಲಿತುವು.

ಮೋಗ್ಲಿಂಗರದು ಬೇರೊಂದು ಬಗೆಯ ನಿರ್ಧಾರ. ತಮ್ಮ ಬಂಧುವೂ ಸಹೋದ್ಯೋಗಿಯೂ ಆಗಿದ್ದ ವೈಗಲ್ ತೀರಿಕೊಂಡ ಮೇಲೆ, ಮಕ್ಕಳೊಂದಿಗಳಾದ ಅವರ ವಿಧವೆಯನ್ನು ಮೋಗ್ಲಿಂಗರು ಕೈಹಿಡಿದರು. ಕೊಡಗಿನಲ್ಲಿ ಕಾರ್ಯವು ಬೇರೂರುತ್ತಿದ್ದಾಗಲೇ, ಆಕೆಯ ಅನಾರೋಗ್ಯದ ನಿಮಿತ್ತ 1860ರಲ್ಲಿ ಯೂರೋಪಿಗೆ ಮರಳಿದವರು 1881ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಬರಲಿಲ್ಲ. ಕರೆಯನ್ನು ಅರ್ಧಕ್ಕೆ ಬಿಟ್ಟುದೆಂದು ಇದನ್ನು ಕಾಣುವವರೂ ಉಂಟು. ನನಗಾದರೋ ಅವರ ವಿಶ್ವಾಸವು ಇಲ್ಲಿಯೇ ಅತ್ಯಂತ ಪಕ್ವವಾಗಿ ಕಾಣುತ್ತದೆ, ಏಕೆಂದರೆ ಈ ಬಾರಿ ತಮ್ಮ ಸಂಕಲ್ಪದ ಭಾರವನ್ನು ರೋಗಿಯಾದ ಹೆಂಡತಿಯ ಮೇಲೆ ಹೇರದೆ, ಪ್ರಿಯವಾದ ಕಾರ್ಯದ ಅಗಲಿಕೆಯನ್ನು ಅವರು ತಾವೇ ಹೊತ್ತರು.

ಈ ನಿರ್ಧಾರಗಳ ದಾಖಲೆಗಳು ಬಾಸೆಲಿನ ಪತ್ರಾಗಾರದಲ್ಲಿಯೂ ಮಂಗಳೂರಿನ ಬಲ್ಮಠದಲ್ಲಿಯೂ ಇವೆ. ಮಿಷನರಿಗಳ ಕನ್ನಡ ಗ್ರಂಥಗಳನ್ನು ಮರುಮುದ್ರಿಸುವ ನಮ್ಮ ವಿಶ್ವವಿದ್ಯಾನಿಲಯಗಳೂ ಅಕಾಡೆಮಿಗಳೂ ಆ ಮನೆಗಳ ಹೆಂಗಸರೂ ಮಕ್ಕಳೂ ಬರೆದ ಜರ್ಮನ್ ಪತ್ರಗಳನ್ನು ಕನ್ನಡಕ್ಕೆ ತರಿಸುವ ಕಾರ್ಯವನ್ನು, ಆ ಹಳೆಯ ಕೈಬರಹವನ್ನು ಓದಬಲ್ಲವರು ಇನ್ನೂ ದೊರೆಯುತ್ತಿರುವಾಗಲೇ ಕೈಗೆತ್ತಿಕೊಳ್ಳಬೇಕು. ಜೆಪ್ಪುವಿನ ಕಾರ್ಖಾನೆಯಲ್ಲಿ ದುಡಿದವರ ಮನೆತನಗಳಲ್ಲಿ ಉಳಿದಿರುವ ನೆನಪುಗಳನ್ನೂ ಅದರೊಂದಿಗೆ ಬರೆದಿಡಿಸಬೇಕು.